ಓಲಾಡದ ಬೆಂಚು: ಗ್ಯಾರೇಜಿನಲ್ಲಿ ಕೆಲಸದ ಮೇಜು ಕಟ್ಟಿದ ದಿನಚರಿ

ನಿನ್ನೆ ಸಂಜೆ ಬೆಂಚಿಗೆ ಎರಡನೇ ಸಲ ಎಣ್ಣೆ ಹಚ್ಚಿ ಮುಗಿಸಿದೆ. ಒಟ್ಟು 47 ದಿನ ಹಿಡಿಯಿತು. ಅದರಲ್ಲಿ 26 ದಿನ ಮರ ಒಣಗಲಿ ಅಂತ ಸುಮ್ನೆ ಕಾದದ್ದು. ಅಳತೆ ಬರೆದ ಚೀಟಿಗಳು ಕಳೆದುಹೋಗುವ ಮೊದಲೇ ಎಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ. ಎಲ್ಲಿ ತಪ್ಪಿದೆ ಅನ್ನೋದನ್ನೂ ಬಿಡದೆ ಬರೆದಿದ್ದೇನೆ. ಬೆಂಚು ಕಟ್ಟಲು ಹೊರಟವರಿಗೆ ಆ ಭಾಗವೇ ಜಾಸ್ತಿ ಉಪಯೋಗಕ್ಕೆ ಬರಬಹುದು.

ದಿನ 1: ಹಳೆ ಬೆಂಚಿನ ರೋಗ ಯಾವುದು?

ಹಳೆ ಬೆಂಚು ನಾನೇ ಮಾಡಿದ್ದು. 50×75 ಮಿಮೀ ಕಾಲು, ಮೇಲೆ 18 ಮಿಮೀ ಪ್ಲೈವುಡ್, ಎಲ್ಲ ಕಡೆ ಬರೀ ಸ್ಕ್ರೂ. ತೋಪಡ (ಮರದ ಮೇಲ್ಮೈ ಸವರಿ ನಯ ಮಾಡುವ ಉಪಕರಣ) ಹಾಕಿದಾಗಲೆಲ್ಲ ಬೆಂಚೇ ಹಿಂದೆ ಮುಂದೆ ಹೋಗುತ್ತಿತ್ತು. ಮೂರು ವರ್ಷದಲ್ಲಿ ಮೂರು ಸಲ ರಿಪೇರಿ ಮಾಡಿದ್ದೆ. ಮೊದಲು ಉದ್ದನೆಯ ಸ್ಕ್ರೂ ಹಾಕಿದೆ. ಆಮೇಲೆ ಮೂಲೆಗಳಿಗೆ ಕಬ್ಬಿಣದ ಎಲ್ ಪಟ್ಟಿ ಕೂರಿಸಿದೆ. ಕೊನೆಗೆ ಮೇಲೆ ಇನ್ನೊಂದು ಪದರ ಪ್ಲೈವುಡ್ ಹಾಕಿದೆ. ಆ ಮೂರನೇ ರಿಪೇರಿ ಆದಮೇಲೆ ಓಲಾಟ ಇನ್ನೂ ಜಾಸ್ತಿ ಆಯಿತು. ಸಡಿಲ ಕಾಲುಗಳ ತಲೆಯ ಮೇಲೆ ಮತ್ತಷ್ಟು ಭಾರ ಹೊರಿಸಿದ್ದೆ.

ಈ ಸಲ ಬಿಚ್ಚುವ ಮೊದಲು ಪರೀಕ್ಷೆ ಮಾಡಿದೆ. ಬೆಂಚು ಅಲುಗಾಡುತ್ತೆ ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಅದರಲ್ಲಿ ಮೂರು ಬೇರೆ ಬೇರೆ ರೋಗ ಇದೆ. ನೆಲ ಸಮ ಇಲ್ಲದೆ ಒಂದು ಕಾಲು ಮೇಲೆ ನಿಂತರೆ ಬೆಂಚು ಕುಂಟುತ್ತದೆ. ಜೋಡಣೆ ಸಡಿಲ ಇದ್ದರೆ ಕಾಲು ನಿಂತಲ್ಲೇ ನಿಂತು ಮೇಲ್ಭಾಗ ಓಲಾಡುತ್ತದೆ. ತೂಕ ಸಾಲದಿದ್ದರೆ, ಇಲ್ಲವೇ ನೆಲ ನುಣುಪಾಗಿದ್ದರೆ ಬೆಂಚು ಇಡಿಯಾಗಿ ಜಾರುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ. ನಾನು ಮೂರು ವರ್ಷ ಇದನ್ನು ನೋಡದೆ ಕೈಗೆ ಸಿಕ್ಕಿದ ಮದ್ದು ಹಾಕಿದ್ದೆ.

ಪರೀಕ್ಷೆ ಹೀಗೆ. ಕುಂಟುವುದನ್ನು ನೋಡಲು ಪ್ರತಿ ಕಾಲಿನ ಕೆಳಗೆ ಕಾಗದ ತೂರಿಸಿ ನೋಡಿದೆ. ಒಂದು ಕಾಲಿನ ಕೆಳಗೆ ಎರಡು ಮಡಿಕೆ ಕಾಗದ ಹೋಯಿತು. ಜಾರುವುದನ್ನು ನೋಡಲು ನಾಲ್ಕೂ ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಓಲಾಟಕ್ಕೆ ಬೆಂಚಿನ ಮೇಲಂಚಿಗೆ ಒಂದು ಪೆನ್ಸಿಲ್ ಕಟ್ಟಿದೆ. ಅದರ ಮೊನೆ ತಾಗುವ ಹಾಗೆ ಹಿಂದಿನ ಗೋಡೆಗೆ ಬಿಳಿ ರಟ್ಟು ಅಂಟಿಸಿದೆ. ಬೆಂಚಿನ ತುದಿಗೆ ಎರಡೂ ಕೈ ಕೊಟ್ಟು, ತೋಪಡ ಹಾಕುವಷ್ಟೇ ಬಲದಲ್ಲಿ ಉದ್ದಕ್ಕೆ ಹತ್ತು ಸಲ ನೂಕಿದೆ. ಪೆನ್ಸಿಲ್ ರಟ್ಟಿನ ಮೇಲೆ ಅತ್ತಿಂದಿತ್ತ ಓಡಾಡಿ ಒಂದು ಕಪ್ಪು ಗೆರೆ ಬರೆಯಿತು. ಅಳೆದರೆ 14 ಮಿಮೀ. ಸೀಮೆಸುಣ್ಣದ ಗೆರೆಯಿಂದ ಒಂದು ಕಾಲೂ ಕದಲಿರಲಿಲ್ಲ.

ಅಂದರೆ ದೊಡ್ಡ ರೋಗ ಓಲಾಟ, ಜೊತೆಗೆ ಸ್ವಲ್ಪ ಕುಂಟು. ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಅಡ್ಡಪಟ್ಟಿಯ ಕೊನೆಗೆ, ಮರದ ಎಳೆಯ ಉದ್ದಕ್ಕೆ ಸ್ಕ್ರೂ ಹೊಡೆದಿದ್ದೆ. ಆ ದಿಕ್ಕಿನಲ್ಲಿ ಸ್ಕ್ರೂಗೆ ಹಿಡಿತ ಕಮ್ಮಿ. ತೂತುಗಳೆಲ್ಲ ಉರುಟು ಹೋಗಿ ಮೊಟ್ಟೆಯಾಕಾರ ಆಗಿದ್ದವು. ಸ್ಕ್ರೂ ಹೊರಗೆ ತೆಗೆದರೆ ಸುರುಳಿಯಲ್ಲಿ ಹಿಟ್ಟಿನಂಥ ಮರದ ಪುಡಿ.

ಆ ರಟ್ಟನ್ನು ಎಸೆಯಲಿಲ್ಲ. 14 ಮಿಮೀ ಗೆರೆಯ ಪಕ್ಕ ತಾರೀಖು ಬರೆದು ಇಟ್ಟುಕೊಂಡೆ. ಹೊಸ ಬೆಂಚಿನ ಒಂದೊಂದು ಹಂತ ಮುಗಿದಾಗಲೂ ಅದರ ಮೇಲೇ ಗೆರೆ ಎಳೆಸಬೇಕು ಅಂತ ಅಂದೇ ತೀರ್ಮಾನಿಸಿದೆ.

ಎತ್ತರ: ಕೈ ಇಳಿಬಿಟ್ಟು ನಿಂತರೆ ನನ್ನ ಮಣಿಕಟ್ಟು ನೆಲದಿಂದ 84 ಸೆಂಮೀ ಬರುತ್ತದೆ. ಹೊಸ ಬೆಂಚಿಗೆ 85 ಅಂತ ಹಿಡಿದೆ. ಹಳೆಯದು 76 ಇತ್ತು, ಬೆನ್ನು ನೋವಿಗೆ ಅದೇ ಕಾರಣ. ತೋಪಡ ಕೆಲಸವೇ ಜಾಸ್ತಿ ಇದ್ದರೆ ಮಣಿಕಟ್ಟಿಗಿಂತ ಸ್ವಲ್ಪ ಕೆಳಗೆ ಇದ್ದರೂ ನಡೆಯುತ್ತದೆ. ಸಣ್ಣ ಕೆತ್ತನೆ ಕೆಲಸಕ್ಕೆ ಇನ್ನೂ ಮೇಲೆ ಬೇಕು. ಉದ್ದ 1800, ಅಗಲ 600 ಮಿಮೀ.

ದಿನ 2: ಮರ ತಂದದ್ದು

ಪೈನ್ ಮರ, 45×95 ಮಿಮೀ, 1.9 ಮೀಟರ್ ಉದ್ದದ 22 ಹಲಗೆ. ಮೇಲ್ಹಲಗೆಗೆ 14, ಕಾಲಿಗೆ 4, ಗಿಡ್ಡ ಅಡ್ಡಪಟ್ಟಿಗಳಿಗೆ 2, ಹೆಚ್ಚುವರಿ 2. ಉದ್ದ ಅಡ್ಡಪಟ್ಟಿಗೆ 45×145ರದ್ದು ಎರಡು. ಹೆಚ್ಚುವರಿ ಎರಡು ತಂದದ್ದು ಒಳ್ಳೆಯದಾಯಿತು, ಯಾಕೆ ಅಂತ ಮುಂದೆ ಬರುತ್ತದೆ.

ಆರಿಸುವಾಗ ಪ್ರತಿ ಹಲಗೆಯ ಒಂದು ತುದಿ ಕಣ್ಣಿನ ಹತ್ತಿರ ಹಿಡಿದು ಉದ್ದಕ್ಕೆ ನೋಡಿದೆ. ಬಿಲ್ಲಿನ ಹಾಗೆ ಬಾಗಿದ್ದರೆ ಒಂದಿಷ್ಟು ಸರಿಮಾಡಬಹುದು, ತಿರುಚಿದ್ದರೆ ಬಿಟ್ಟುಬಿಡಬೇಕು. ಕೊನೆ ಮುಖದಲ್ಲಿ ಮರದ ನಟ್ಟನಡುವಿನ ಬೆಂಡು ಕಾಣುವ ಹಲಗೆಗಳನ್ನೂ ಬಿಟ್ಟೆ. ಅವು ಒಣಗುವಾಗ ಸೀಳು ಬಿಡುತ್ತವೆ, ತಿರುಚಿಕೊಳ್ಳುತ್ತವೆ. ಗಂಟು ಇದ್ದರೆ ತೊಂದರೆ ಇಲ್ಲ, ಬೆರಳಲ್ಲಿ ಒತ್ತಿದಾಗ ಅಲ್ಲಾಡಬಾರದು ಅಷ್ಟೇ.

ಒಟ್ಟು ಖರ್ಚನ್ನು ನೂರು ಭಾಗ ಮಾಡಿದರೆ ಮರಕ್ಕೆ ಸುಮಾರು 50, ವೈಸ್‌ಗೆ (ಬೆಂಚಿಗೆ ಕೂರಿಸುವ, ಹಲಗೆ ಬಿಗಿದು ಹಿಡಿಯುವ ಇಕ್ಕಳ) 30, ಪ್ಲೈವುಡ್‌ಗೆ 10, ಬೋಲ್ಟು, ಅಂಟು, ಎಣ್ಣೆ ಎಲ್ಲ ಸೇರಿ 10.

ದಿನ 3ರಿಂದ 28: ಕಾದದ್ದು

ಹಲಗೆಗಳನ್ನು ಗ್ಯಾರೇಜಿನಲ್ಲೇ ಒಟ್ಟಿದೆ. ಸಾಲು ಸಾಲಿನ ನಡುವೆ 40 ಸೆಂಮೀಗೆ ಒಂದರಂತೆ 20 ಮಿಮೀ ದಪ್ಪದ ಪಟ್ಟಿ, ಗಾಳಿ ಆಡಲಿ ಅಂತ. ಎಲ್ಲದರ ಮೇಲೆ ಭಾರ. ಒಂದು ಹಲಗೆಗೆ ಗುರುತು ಹಾಕಿ ಅದನ್ನು ಎರಡು ದಿನಕ್ಕೊಮ್ಮೆ ತೂಗಿದೆ. ಮೊದಲ ದಿನ 4.34 ಕೆಜಿ ಇತ್ತು. ಕೊನೆಗೆ 4.16ಕ್ಕೆ ಬಂದು ಸತತ ಮೂರು ತೂಕದಲ್ಲಿ ಅಲ್ಲೇ ನಿಂತಿತು. ಇನ್ನು ನೀರು ಹೋಗುತ್ತಿಲ್ಲ ಅಂತ ಗೊತ್ತಾಯಿತು. ಸುಮಾರು 180 ಗ್ರಾಂ, ಒಂದು ಲೋಟ ನೀರು ಒಂದೇ ಹಲಗೆಯಿಂದ ಹೊರಗೆ ಹೋದ ಹಾಗಾಯಿತು. ಹಸಿ ಮರದಲ್ಲೇ ಅಂಟಿಸಿದ್ದರೆ ಅಷ್ಟೂ ಎಳೆತ ಆಮೇಲೆ ಜೋಡಣೆಯ ಮೇಲೆ ಬೀಳುತ್ತಿತ್ತು.

ದಿನ 29: ಕತ್ತರಿಸಿ ತೋಪಡ ಹಾಕಿದ್ದು

ಅಗಲ ಮುಖಗಳಿಗೆ ತೋಪಡ ಹಾಕಿ 45ರಿಂದ 43 ಮಿಮೀಗೆ ಇಳಿಸಿದೆ. ಮೇಲ್ಹಲಗೆಗೆ ಈ ಹಲಗೆಗಳನ್ನು ಮಲಗಿಸದೆ ನಿಲ್ಲಿಸಿ ಅಂಟಿಸುವುದು. ಹಾಗಾಗಿ 14×43 ಅಂದರೆ 602 ಮಿಮೀ ಅಗಲ, ದಪ್ಪ 95.

ಇಲ್ಲಿ ಒಂದು ತಪ್ಪಾಯಿತು. ಮರದ ಎಳೆ ಯಾವ ಕಡೆಗೆ ಏಳುತ್ತದೆ ಅಂತ ನೋಡಿ ಪ್ರತಿ ಹಲಗೆಗೆ ಬಾಣದ ಗುರುತು ಹಾಕಬೇಕು. ಎಲ್ಲ ಬಾಣ ಒಂದೇ ದಿಕ್ಕಿಗೆ ಇಟ್ಟು ಅಂಟಿಸಿದರೆ ಆಮೇಲೆ ಮೇಲ್ಭಾಗ ಸಮ ಮಾಡುವಾಗ ಸಿಗಿರು ಏಳುವುದಿಲ್ಲ. ಹತ್ತು ಹಲಗೆಗೆ ಹಾಕಿದೆ. ಕತ್ತಲಾಗುತ್ತಾ ಬಂತು, ಉಳಿದ ನಾಲ್ಕಕ್ಕೆ ಹಾಕದೆ ಕೆಲಸ ಮುಗಿಸಿದೆ. ಇದರ ಫಲ 41ನೇ ದಿನ ಸಿಕ್ಕಿತು.

ದಿನ 31: ಅಂಟಿಸಲು ಹೋಗಿ ಕೆಟ್ಟದ್ದು

ಇದು ಇಡೀ ಕೆಲಸದಲ್ಲಿ ನನ್ನ ದೊಡ್ಡ ತಪ್ಪು. ಹದಿನಾಲ್ಕೂ ಹಲಗೆಗಳನ್ನು ಒಂದೇ ಸಲಕ್ಕೆ ಅಂಟಿಸಲು ಹೊರಟೆ. ನನ್ನ ಹತ್ತಿರ ಇದ್ದದ್ದು ಹಲಗೆಗಳನ್ನು ಒತ್ತಿ ಹಿಡಿಯುವ ಎಂಟು ಕ್ಲ್ಯಾಂಪ್. ಬಿಳಿ ಅಂಟು ಹಚ್ಚಿದ ಮೇಲೆ ಹಲಗೆ ಸೇರಿಸಿ ಬಿಗಿಯಲು ಹತ್ತು ನಿಮಿಷದ ಆಸುಪಾಸಿನ ಸಮಯ ಮಾತ್ರ ಇರುತ್ತದೆ. ಎಂಟನೇ ಹಲಗೆಗೆ ಹಚ್ಚುವಷ್ಟರಲ್ಲಿ ಮೊದಲನೆಯದರ ಅಂಟಿನ ಮೇಲೆ ಕೆನೆ ಕಟ್ಟಿತ್ತು. ಬೆರಳು ಮುಟ್ಟಿಸಿದರೆ ಪೊರೆ ಎದ್ದು ಬರುತ್ತಿತ್ತು. ಆಗಲೇ ನಿಲ್ಲಿಸಬೇಕಿತ್ತು. ಬಿಗಿದರೆ ಸರಿಹೋಗುತ್ತೆ ಅಂದುಕೊಂಡು ಮುಂದುವರಿದೆ. ಕ್ಲ್ಯಾಂಪ್ ತಿರುಗಿಸುತ್ತಾ ಹೋದಂತೆ ನಡುವಿನ ಹಲಗೆಗಳು ಜಾರಿ ಮೇಲೆ ಕೆಳಗೆ ಆದವು. ಒಂದು ತುದಿಯಲ್ಲಿ ಮೂರನೇ ಮತ್ತು ನಾಲ್ಕನೇ ಹಲಗೆ ನಡುವೆ 1.5 ಮಿಮೀ ಬಿರುಕು ಉಳಿಯಿತು. ಎಷ್ಟು ಬಿಗಿದರೂ ಮುಚ್ಚಲಿಲ್ಲ.

ಮರುದಿನ ನೋಡಿದರೆ ಬಿರುಕು ಹಾಗೇ ಇದೆ, ಅದರೊಳಗೆ ಅಂಟು ಗಾಜಿನ ಹಾಗೆ ಗಟ್ಟಿಯಾಗಿದೆ. ಪುಡಿ ತುಂಬಿ ಮುಚ್ಚಬಹುದಿತ್ತು. ಆದರೆ ಬೆಂಚಿನ ಮೇಲೆ ದಿನಾ ಏಟು ಬೀಳುತ್ತದೆ, ಕೂಡದ ಅಂಟು ಯಾವತ್ತಾದರೂ ಬಿಡುತ್ತದೆ. ಸರ್ಕ್ಯುಲರ್ ಗರಗಸದಲ್ಲಿ ಎರಡೂ ಕಡೆಯಿಂದ ಕೊಯ್ದು ಕೆಟ್ಟ ಜೋಡಣೆಗಳನ್ನೆಲ್ಲ ಬಿಡಿಸಿದೆ. ಗರಗಸದ ದಾರಿಗೆ, ಮತ್ತೆ ತೋಪಡ ಹಾಕಿದ್ದಕ್ಕೆ ಮರ ಹೋಯಿತು. ಒಂದು ಹಲಗೆ ಪೂರ್ತಿ ದಕ್ಕಲಿಲ್ಲ. ಅದರ ಜಾಗಕ್ಕೆ ಹೆಚ್ಚುವರಿ ಹಲಗೆ ಬಂತು. ಸಣ್ಣಗಾದ ಉಳಿದವುಗಳಿಂದ ಅಗಲ 14 ಮಿಮೀ ಕಮ್ಮಿಯಾಗುತ್ತಿತ್ತು. ಹಾಗಾಗಿ ಎರಡನೇ ಹೆಚ್ಚುವರಿ ಹಲಗೆಯಿಂದ ತೆಳು ಪಟ್ಟಿ ಸೀಳಿ ಹಿಂದಿನ ಅಂಚಿಗೆ ಸೇರಿಸಿದೆ. ಒಂದೂವರೆ ದಿನದ ಕೆಲಸ ಹೋಯಿತು.

ದಿನ 33ರಿಂದ 36: ಸರಿಯಾಗಿ ಅಂಟಿಸಿದ್ದು

ಈ ಸಲ ಮೂರು, ನಾಲ್ಕು ಹಲಗೆಯ ಕಟ್ಟು ಮಾಡಿಕೊಂಡೆ. ಎರಡು ಕಟ್ಟು ಸೇರಿ ಏಳು. ಏಳು ಏಳರ ಎರಡು ಅರ್ಧ. ಪ್ರತಿ ಸಲವೂ ಮೊದಲು ಅಂಟಿಲ್ಲದೆ ಕ್ಲ್ಯಾಂಪ್ ಹಾಕಿ ನೋಡಿ, ಎಲ್ಲ ಕ್ಲ್ಯಾಂಪಿನ ಬಾಯಿಯನ್ನು ಅದೇ ಅಳತೆಗೆ ತೆರೆದಿಟ್ಟು, ಆಮೇಲೆ ಅಂಟು ಹಚ್ಚಿದೆ. ಹೀಗೆ ಒಂದು ಕಟ್ಟು ನಾಲ್ಕೇ ನಿಮಿಷದಲ್ಲಿ ಮುಗಿಯುತ್ತಿತ್ತು. ಕ್ಲ್ಯಾಂಪ್‌ಗಳನ್ನು 23 ಸೆಂಮೀ ಅಂತರದಲ್ಲಿ, ಒಂದು ಮೇಲಿಂದ ಒಂದು ಕೆಳಗಿಂದ ಹಾಕಿದೆ. ಎಲ್ಲ ಮೇಲಿಂದಲೇ ಹಾಕಿದರೆ ಕಟ್ಟು ದೋಣಿಯ ಹಾಗೆ ಬಾಗುತ್ತದೆ.

ಸಾಕಷ್ಟು ಬಿಗಿಯಾಗಿದೆಯಾ ಅಂತ ತಿಳಿಯಲು ಅಂಟನ್ನೇ ನೋಡಬೇಕು. ಸರಿಯಾದಾಗ ಜೋಡಣೆಯ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಹನಿಗಳು ಸಾಲಾಗಿ ಒಸರುತ್ತವೆ. ಧಾರೆಯಾಗಿ ಇಳಿದರೆ ಅಂಟು ಜಾಸ್ತಿ ಆಗಿದೆ. ಒಂದು ಕಡೆ ಹನಿಯೇ ಇಲ್ಲ ಅಂದರೆ ಅಲ್ಲಿ ಅಂಟು ಇಲ್ಲ, ಇಲ್ಲವೇ ಹಲಗೆ ಕೂಡಿಲ್ಲ. ಹನಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸದೆ ಅರ್ಧ ಗಂಟೆ ಬಿಟ್ಟು, ಮೇಣದ ಹಾಗೆ ಆದಾಗ ಹಳೆ ಉಳಿಯಲ್ಲಿ ಕೆರೆದು ತೆಗೆದೆ. ಒರೆಸಿದರೆ ಅಂಟು ಮರದ ಎಳೆಯೊಳಗೆ ಹರಡಿ ಆಮೇಲೆ ಅಲ್ಲಿ ಎಣ್ಣೆ ಹಿಡಿಯುವುದಿಲ್ಲ.

ಪ್ರತಿ ಕಟ್ಟಿಗೂ ಒಂದು ರಾತ್ರಿ ಪೂರ್ತಿ ಬಿಟ್ಟೆ.

ದಿನ 37ರಿಂದ 39: ಕಾಲು ಮತ್ತು ಅಡ್ಡಪಟ್ಟಿ

ಓಲಾಟಕ್ಕೆ ಮದ್ದು ಇರುವುದು ಇಲ್ಲಿ. ಕಾಲು ಒಂದೇ ತುಂಡಲ್ಲ. ಹೊರಗಿನ ಪದರ 762 ಮಿಮೀ ಇಡಿಯಾಗಿದೆ. ಒಳಗಿನ ಪದರ ಎರಡು ತುಂಡು: ಕೆಳಗೆ 120, ಮೇಲೆ 502. ನಡುವೆ 140 ಮಿಮೀ ಖಾಲಿ. ಎರಡು ಪದರ ಅಂಟಿಸಿದಾಗ ಉಳಿ ಮುಟ್ಟಿಸದೆಯೇ ಕಚ್ಚು ತಯಾರಾಗುತ್ತದೆ. ಉದ್ದ ಅಡ್ಡಪಟ್ಟಿಯ ಅಗಲ ಸರಿಯಾಗಿ 140. ಅದು ಆ ಕಚ್ಚಿನೊಳಗೆ ಕೂತು, ಮೇಲೆ ಕೆಳಗೆ ಎರಡೂ ಭುಜಕ್ಕೆ, ಅಂದರೆ ಕಚ್ಚಿನ ಅಂಚುಗಳಿಗೆ, ಒತ್ತಿ ನಿಲ್ಲುತ್ತದೆ. ಬೆಂಚು ಉದ್ದಕ್ಕೆ ಓಲಾಡಬೇಕಾದರೆ ಕಾಲು ಅಡ್ಡಪಟ್ಟಿಯ ಮೇಲೆ ತಿರುಗಬೇಕು. ಭುಜಗಳು ಬಿಗಿಯಾಗಿದ್ದರೆ ತಿರುಗಲು ಜಾಗವೇ ಇಲ್ಲ. ಪಟ್ಟಿ ಅಗಲ ಇದ್ದಷ್ಟೂ ಹಿಡಿತ ಜಾಸ್ತಿ. ನನ್ನ ಹಳೆ ಬೆಂಚಿನಲ್ಲಿ ಇದೇ ಪಟ್ಟಿ 50 ಮಿಮೀ ಇತ್ತು.

ಕಚ್ಚಿನ ಅಳತೆಗೆ ಟೇಪ್ ನಂಬಲಿಲ್ಲ. ಅಡ್ಡಪಟ್ಟಿಯ ತುಂಡನ್ನೇ ನಡುವೆ ಇಟ್ಟು ಮೇಲಿನ ತುಂಡನ್ನು ಅದಕ್ಕೆ ಒತ್ತಿ ಅಂಟಿಸಿದೆ. ಅಂಟು ಹಿಡಿಯುವ ಮೊದಲು ಆ ತುಂಡನ್ನು ತಟ್ಟಿ ಹೊರಗೆ ತೆಗೆಯಬೇಕು. ಮೊದಲ ಕಾಲಿನಲ್ಲಿ ಇದನ್ನು ಮರೆತೆ. ಮರುದಿನ ಕೊಡತಿಯಲ್ಲಿ ಹೊಡೆದು ಬಿಡಿಸಬೇಕಾಯಿತು, ಭುಜದಿಂದ ಒಂದು ಚಕ್ಕೆ ಎದ್ದಿತು. ಮತ್ತೆ ಅಂಟಿಸಿದೆ.

ಮುಂದಿನ ಕಾಲಿನಿಂದ ಹಿಂದಿನ ಕಾಲಿಗೆ ಹೋಗುವ ಗಿಡ್ಡ ಪಟ್ಟಿಗಳಿಗೆ ನಾಲಿಗೆ ಜೋಡಣೆ, ಅಂದರೆ ಪಟ್ಟಿಯ ತುದಿಯನ್ನು ನಾಲಿಗೆಯ ಹಾಗೆ ತೆಳು ಮಾಡಿ ಕಾಲಿನ ತೂತಿಗೆ ಕೂರಿಸುವುದು. ಪಟ್ಟಿ 43 ಮಿಮೀ ದಪ್ಪ, ಅದರ ಮೂರನೇ ಒಂದು ಭಾಗದಷ್ಟು, 14 ಮಿಮೀ ನಾಲಿಗೆ, 50 ಮಿಮೀ ಉದ್ದ. ಒಟ್ಟು ಎಂಟು ಚೌಕ ತೂತು. 14 ಮಿಮೀ ಬಿಟ್‌ನಲ್ಲಿ ಸಾಲಾಗಿ ಕೊರೆದು, ಉಳಿದದ್ದನ್ನು ಉಳಿಯಲ್ಲಿ ಚೌಕ ಮಾಡಿದೆ. ಆರನೇ ತೂತಿನಲ್ಲಿ ಡ್ರಿಲ್ ವಾಲಿತು. ನಾಲಿಗೆ ಹಾಕಿದರೆ 1 ಮಿಮೀ ಸಡಿಲ. ತೋಪಡದಿಂದ ಬಂದ ಉದ್ದನೆ ಸಿಪ್ಪೆಗಳಲ್ಲಿ ದಪ್ಪನೆಯ ಎರಡನ್ನು ಆರಿಸಿ ನಾಲಿಗೆಯ ಕೆನ್ನೆಗೆ ಅಂಟಿಸಿದೆ. ಒಣಗಿದ ಮೇಲೆ ಉಳಿಯಲ್ಲಿ ಸ್ವಲ್ಪ ಸ್ವಲ್ಪ ಸವರಿದೆ. ಈಗ ಕೈಯಲ್ಲಿ ಒತ್ತಿದರೆ ಅರ್ಧ ಹೋಗುತ್ತದೆ, ಉಳಿದರ್ಧಕ್ಕೆ ಕೊಡತಿಯ ಎರಡು ಏಟು ಬೇಕು. ನಾಲಿಗೆ ಅಷ್ಟು ಬಿಗಿ ಇರಬೇಕು. ಸಡಿಲ ಇದ್ದರೆ ಅಂಟು ಕಾಪಾಡುವುದಿಲ್ಲ. ತೀರ ಬಿಗಿಯಾದರೆ ಕಾಲು ಸೀಳುತ್ತದೆ.

ದಿನ 40: ಚೌಕಟ್ಟು ನಿಲ್ಲಿಸಿದ್ದು

ಉದ್ದ ಪಟ್ಟಿಗೆ ಅಂಟು ಹಾಕಲಿಲ್ಲ. ಪ್ರತಿ ಮೂಲೆಗೆ 12 ಮಿಮೀ ದಪ್ಪ, 110 ಮಿಮೀ ಉದ್ದದ ಎರಡು ಬೋಲ್ಟ್. ಮುಂದೆ ಬೆಂಚು ಬೇರೆ ಕಡೆ ಸಾಗಿಸಬೇಕಾದರೆ ಬಿಚ್ಚಬಹುದು, ಮರ ಇನ್ನಷ್ಟು ಕುಗ್ಗಿದರೆ ಮತ್ತೆ ಬಿಗಿಯಬಹುದು.

ಮೊದಲ ತೂತನ್ನು ಒಂದೇ ಕಡೆಯಿಂದ 86 ಮಿಮೀ ಕೊರೆದೆ. ಆಚೆ ಕಡೆ 6 ಮಿಮೀ ಪಕ್ಕಕ್ಕೆ ಹೊರಬಂತು. ಆ ತೂತನ್ನು ದೊಡ್ಡದು ಮಾಡಿ ಅಗಲ ವಾಷರ್ ಹಾಕಿ ಸುಧಾರಿಸಿದೆ. ಉಳಿದ ಏಳಕ್ಕೆ ಎರಡೂ ಕಡೆ ಗುರುತು ಹಾಕಿ, ಮೊದಲು 4 ಮಿಮೀ ಬಿಟ್‌ನಲ್ಲಿ ಎರಡೂ ಕಡೆಯಿಂದ ಅರ್ಧರ್ಧ, ಆಮೇಲೆ ದೊಡ್ಡ ಬಿಟ್.

ಬೋಲ್ಟ್ ಪೂರ್ತಿ ಬಿಗಿಯುವ ಮೊದಲು ಮೂಲೆಯಿಂದ ಮೂಲೆಗೆ ಕರ್ಣ ಅಳೆದೆ. 6 ಮಿಮೀ ವ್ಯತ್ಯಾಸ. ಉದ್ದ ಇದ್ದ ಕರ್ಣದ ನೇರಕ್ಕೇ ಮೂಲೆಯಿಂದ ಮೂಲೆಗೆ ಕ್ಲ್ಯಾಂಪ್ ಹಾಕಿ ಎಳೆದಾಗ ಎರಡೂ ಸಮ ಆಯಿತು. ಮೂಲೆಮಟ್ಟ ಒಂದು ಮೂಲೆಯನ್ನಷ್ಟೇ ಹೇಳುತ್ತದೆ, ಕರ್ಣ ಇಡೀ ಚೌಕಟ್ಟಿನದನ್ನು ಹೇಳುತ್ತದೆ.

ಆಮೇಲೆ ನೆಲ. ಗ್ಯಾರೇಜಿನ ನೆಲ ನೀರು ಹರಿಯಲಿ ಅಂತ ಬಾಗಿಲ ಕಡೆಗೆ ಇಳಿಜಾರು ಇರುತ್ತದೆ ಅಲ್ವಾ. ನನ್ನ ಬೆಂಚಿನ ಕಾಲುಗಳ ನಡುವಿನ 1300 ಮಿಮೀ ಉದ್ದಕ್ಕೆ 12 ಮಿಮೀ ಇಳಿಯುತ್ತದೆ. ಲೆಕ್ಕ ಹಾಕಿ ಎತ್ತರದ ಕಡೆಯ ಎರಡು ಕಾಲಿನಿಂದ 12 ಮಿಮೀ ಕೊಯ್ದೆ. ನಿಲ್ಲಿಸಿ ನೋಡಿದರೆ ಮುಂದಿನ ಎಡಗಾಲಿನ ಕೆಳಗೆ 5 ಮಿಮೀ ಬೆಳಕು ಕಾಣುತ್ತಿತ್ತು. ಇಳಿಜಾರು ಒಂದೇ ಸಮ ಇರಲಿಲ್ಲ, ಅಲ್ಲೊಂದು ತಗ್ಗು ಇತ್ತು. ಲೆಕ್ಕ ಬಿಟ್ಟು ಮೊದಲೇ ಮಾಡಬೇಕಿದ್ದ ಕ್ರಮಕ್ಕೆ ಬಂದೆ. ಚೌಕಟ್ಟನ್ನು ಅದರ ಜಾಗದಲ್ಲೇ ಇಟ್ಟು, ಬೆಣೆ ತೂರಿಸಿ ರಸಮಟ್ಟದಲ್ಲಿ ಎರಡೂ ದಿಕ್ಕಿಗೆ ಸಮ ಮಾಡಿದೆ. ಅತಿ ದೊಡ್ಡ ಸಂದಿನಷ್ಟು ದಪ್ಪದ ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟು, ಆ ತುಂಡನ್ನು ನೆಲದ ಮೇಲೆ ಜಾರಿಸುತ್ತಾ ನಾಲ್ಕೂ ಕಾಲಿನ ಸುತ್ತ ಗೆರೆ ಎಳೆದೆ. ಗೆರೆಗೆ ಕೊಯ್ದೆ. ಕಾಗದ ಯಾವ ಕಾಲಿನ ಕೆಳಗೂ ಹೋಗಲಿಲ್ಲ. ಕುಂಟು ಹೋಯಿತು. ಎತ್ತರ 6 ಮಿಮೀ ಕಮ್ಮಿಯಾಗಿ 844ಕ್ಕೆ ಬಂತು.

ಬರೀ ಚೌಕಟ್ಟಿಗೆ ಪೆನ್ಸಿಲ್ ಕಟ್ಟಿ ನೂಕಿದೆ. 5 ಮಿಮೀ.

ದಿನ 41, 42: ಮೇಲ್ಹಲಗೆ ಸಮ ಮಾಡಿದ್ದು

ಎರಡು ಅರ್ಧ ಸೇರಿಸಿ ಅಂಟಿಸಿದ್ದೆ. ಎರಡೂ ತುದಿಗೆ ಒಂದೊಂದು ನೇರ ಪಟ್ಟಿ ಅಡ್ಡಲಾಗಿ ಇಟ್ಟು, ಬಗ್ಗಿ ಒಂದರ ಅಂಚಿನ ಮೇಲಿಂದ ಇನ್ನೊಂದನ್ನು ನೋಡಿದರೆ ತಿರುಚು ಕಾಣುತ್ತದೆ. 4 ಮಿಮೀ ಇತ್ತು. ಎತ್ತರದ ಎರಡು ಮೂಲೆಗಳಿಗೆ ಪೆನ್ಸಿಲಿನಲ್ಲಿ ಗೀಚಿ, ಗೀಚು ಹೋಗುವವರೆಗೆ ತೋಪಡ ಅಡ್ಡಡ್ಡ ಹಾಕಿದೆ. ಆಮೇಲೆ ಓರೆಯಾಗಿ, ಕೊನೆಗೆ ಉದ್ದಕ್ಕೆ. ಎರಡು ದಿನದಲ್ಲಿ ಐದು ಗಂಟೆ ಹಿಡಿಯಿತು.

ಉದ್ದಕ್ಕೆ ಹಾಕಲು ಶುರು ಮಾಡಿದ ತಕ್ಷಣ ಬಾಣ ಹಾಕದ ಹಲಗೆಗಳಲ್ಲಿ ಎರಡು ಸಿಕ್ಕಿಬಿದ್ದವು. ಉಳಿದ ಕಡೆ ತೋಪಡ ಸುಯ್ ಅಂತ ಹೋಗಿ ಉದ್ದನೆ ಸಿಪ್ಪೆ ಬರುತ್ತಿತ್ತು. ಆ ಎರಡು ಪಟ್ಟಿ ಬಂದಾಗ ಮಾತ್ರ ಕರಕರ ಸದ್ದು, ಮರ ಕಿತ್ತು 1 ಮಿಮೀ ಆಳದ ಗುಳಿ. ಅಲಗನ್ನು ಮತ್ತೆ ಮಸೆದು, ತೀರ ತೆಳುವಾಗಿ ಹೊರಗಿಟ್ಟು, ಆ ಎರಡು ಪಟ್ಟಿಗೆ ಮಾತ್ರ ಎದುರು ದಿಕ್ಕಿನಿಂದ ಹಾಕಿದೆ. ಪೂರ್ತಿ ಹೋಗಲಿಲ್ಲ. ಬೆರಳಾಡಿಸಿದರೆ ಈಗಲೂ ಅಲ್ಲಿ ಒರಟು ಸಿಗುತ್ತದೆ. ಐದು ನಿಮಿಷ ಉಳಿಸಲು ಹೋಗಿ ಆದದ್ದು ಇದು.

ಕೊನೆಗೆ ದಪ್ಪ 88 ಮಿಮೀ ಉಳಿಯಿತು. ತೂಗಿದೆ, 46 ಕೆಜಿ.

ದಿನ 43: ಮೇಲ್ಹಲಗೆ ಕೂರಿಸಿದ್ದು

ತಮ್ಮ ಬಂದು ಎತ್ತಿಸಿದ. ಮೇಲಿನ ಗಿಡ್ಡ ಪಟ್ಟಿಗಳ ಕೆಳಗಿನಿಂದ ಮೂರು ಮೂರು ದಪ್ಪ ಸ್ಕ್ರೂ, 10×100 ಮಿಮೀ. ಮುಂದಿನ ಸ್ಕ್ರೂಗೆ ಬಿಗಿ ತೂತು, ನಡುವಿನದಕ್ಕೂ ಹಿಂದಿನದಕ್ಕೂ ಉದ್ದನೆ ತೂತು. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅಗಲಕ್ಕೆ ಮಾತ್ರ ಗಾಳಿಯ ತೇವ ಏರಿಳಿದ ಹಾಗೆ ಹಿಗ್ಗಿ ಕುಗ್ಗುತ್ತದೆ. 600 ಮಿಮೀ ಅಗಲಕ್ಕೆ 3ರಿಂದ 5 ಮಿಮೀ ಆಗಬಹುದು. ಎಲ್ಲ ಸ್ಕ್ರೂ ಬಿಗಿ ಹಾಕಿದರೆ ಹಲಗೆ ಸೀಳುತ್ತದೆ. ಮುಂದಿನದನ್ನು ಬಿಗಿ ಮಾಡಿದ್ದರಿಂದ ಆ ಹಿಗ್ಗು ಕುಗ್ಗೆಲ್ಲ ಹಿಂದಕ್ಕೆ ಹೋಗುತ್ತದೆ, ಮುಂದಿನ ಅಂಚು ಕಾಲಿನ ಮುಖಕ್ಕೆ ಸಮವಾಗಿಯೇ ಇರುತ್ತದೆ. ಉದ್ದ ಹಲಗೆಯನ್ನು ನಿಲ್ಲಿಸಿ ಹಿಡಿಸಲು ಇದು ಬೇಕು.

ಪೆನ್ಸಿಲ್: 3 ಮಿಮೀ.

ದಿನ 44: ಪ್ಲೈವುಡ್ ಬೆನ್ನು, ಮತ್ತೆ ಬಂದ ಗೆರೆ

ಹಿಂದಿನ ಎರಡು ಕಾಲುಗಳ ಬೆನ್ನಿಗೆ 12 ಮಿಮೀ ಪ್ಲೈವುಡ್, 1300×400, ಮೇಲಿನಿಂದ ಕೆಳಕ್ಕೆ. ಅಂಚಿಗೆ 10 ಸೆಂಮೀಗೊಂದು ಸ್ಕ್ರೂ. ಮೇಲ್ಹಲಗೆಗೆ ಸ್ಕ್ರೂ ಹಾಕಲಿಲ್ಲ, ಅದು ಅಲುಗಲು ಜಾಗ ಬೇಕು. ಇಷ್ಟು ತೆಳು ಹಾಳೆ ಏನು ಮಾಡೀತು ಅನ್ನಿಸಬಹುದು. ಆದರೆ ಹಾಳೆಯನ್ನು ಅದರ ಅಗಲದ ದಿಕ್ಕಿನಲ್ಲೇ ನೂಕಿ ಚೌಕದಿಂದ ಓರೆ ಮಾಡಲು ಆಗುವುದಿಲ್ಲ.

ಪೆನ್ಸಿಲ್ ಕಟ್ಟಿ ನೂಕಿದೆ. ಚುಕ್ಕಿ ಬರುತ್ತದೆ ಅಂತ ಕಾದಿದ್ದೆ. ಬಂದದ್ದು 9 ಮಿಮೀ ಗೆರೆ! ಮೊದಲಿಗಿಂತ ಮೂರು ಪಟ್ಟು. ಎಲ್ಲಿ ಬಿಟ್ಟಿತು ಅಂತ ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿದೆ, ನಾಲಿಗೆ ಜೋಡಣೆಗಳನ್ನು ನೋಡಿದೆ. ಅರ್ಧ ಗಂಟೆ ಬರೀ ಬೆಂಚಿನ ಮೇಲ್ಭಾಗದಲ್ಲೇ ಹುಡುಕಿದೆ. ತಮ್ಮ ನೆಲದ ಮೇಲೆ ಕೂತು ಬಗ್ಗಿ ನೋಡುತ್ತಿದ್ದ. "ಅಣ್ಣಾ, ಇನ್ನೊಂದು ಸಲ ನೂಕು" ಅಂದ. ನೂಕಿದೆ. "ಇದು ಓಲಾಡ್ತಿಲ್ಲ. ಜಾರ್ತಿದೆ" ಅಂದ.

ಮೊದಲ ದಿನ ಎಳೆದ ಸೀಮೆಸುಣ್ಣದ ಗೆರೆಯನ್ನು ಈ ಸಲ ಎಳೆದಿರಲಿಲ್ಲ. ಮೊದಲು ನಾನು ನೂಕಿದ ಬಲವನ್ನೆಲ್ಲ ಸಡಿಲ ಜೋಡಣೆಗಳು ನುಂಗುತ್ತಿದ್ದವು. ಈಗ ಜೋಡಣೆ ಬಿಗಿಯಾಗಿದೆ, ಬಲ ನೇರ ಕಾಲಿಗೆ ಇಳಿಯುತ್ತಿದೆ. ಒಂದು ರೋಗ ಹೋದಾಗ ಅದರ ಹಿಂದೆ ಇದ್ದದ್ದು ಕಂಡಿತು.

ಮದ್ದು ಸುಲಭ. ಕಾಲಿನ ಅಡಿಗೆ 5 ಮಿಮೀ ರಬ್ಬರ್ ಹಾಳೆ ಕತ್ತರಿಸಿ ಅಂಟಿಸಿದೆ. ಎತ್ತರ 849 ಆಯಿತು. ಉದ್ದ ಅಡ್ಡಪಟ್ಟಿಗಳ ಮೇಲೆ 18 ಮಿಮೀ ಪ್ಲೈವುಡ್ ಹಾಸಿ, ಡ್ರಿಲ್, ಗರಗಸ, ಸ್ಕ್ರೂ ಡಬ್ಬಿ ಎಲ್ಲ ಸೇರಿ ಸುಮಾರು 40 ಕೆಜಿ ಸಾಮಾನು ಅಲ್ಲಿಗೆ ಇಳಿಸಿದೆ. ಮತ್ತೆ ನೂಕಿದೆ. ರಟ್ಟಿನ ಮೇಲೆ ಒಂದು ಚುಕ್ಕಿ. ಅಳೆಯಲು ಹೋದರೆ ಸ್ಕೇಲಿನ ಒಂದು ಗೆರೆಯಷ್ಟೂ ಇಲ್ಲ.

ದಿನ 45: ವೈಸ್

15 ಕೆಜಿ ತೂಕದ ಮರಗೆಲಸದ ವೈಸ್. ನಾನು ಬಲಗೈಯವನು, ಹಾಗಾಗಿ ಮುಂಭಾಗದ ಎಡತುದಿಗೆ, ಕಾಲಿನ ಪಕ್ಕಕ್ಕೇ. ಮೇಲ್ಹಲಗೆ 88 ಮಿಮೀ ದಪ್ಪ ಇರುವುದರಿಂದ ದವಡೆ ತೀರ ಕೆಳಗೆ ಬರುತ್ತಿತ್ತು. ಅಡಿಯಲ್ಲಿ 15 ಮಿಮೀ ಆಳ ಉಳಿಯಿಂದ ಕೆತ್ತಿ ಕೂರಿಸಿದೆ. ಮೊದಲು 50 ಮಿಮೀ ಮರದ ಸ್ಕ್ರೂ ಹಾಕಿದ್ದು ತಪ್ಪು. ದವಡೆಯ ಒಂದೇ ಅಂಚಿಗೆ ದಪ್ಪ ಹಲಗೆ ಹಿಡಿಸಿ ಬಿಗಿದಾಗ ಮುಂದಿನ ಸ್ಕ್ರೂ 4 ಮಿಮೀ ಕಿತ್ತು ಬಂತು. ಬಿಚ್ಚಿ, ಮೇಲಿಂದ ಆರಪಾರ ನಾಲ್ಕು 10 ಮಿಮೀ ಬೋಲ್ಟ್ ಹಾಕಿದೆ. ಬೋಲ್ಟಿನ ತಲೆ ಮೇಲ್ಮೈಯಿಂದ 20 ಮಿಮೀ ಒಳಗೆ, ಮೇಲೆ ಮರದ ಬಿರಡೆ. ಮುಂದೆ ಯಾವತ್ತಾದರೂ ತೋಪಡ ಹಾಕುವಾಗ ಅಲಗು ಕಬ್ಬಿಣಕ್ಕೆ ತಾಗಬಾರದು. ದವಡೆಗಳಿಗೆ 20 ಮಿಮೀ ಮರದ ಹಲಗೆ ಹಚ್ಚಿ, ಮೇಲಂಚನ್ನು ಬೆಂಚಿನ ಮಟ್ಟಕ್ಕೆ ತಂದೆ.

ದಿನ 46, 47: ಗೂಟದ ತೂತು, ಎಣ್ಣೆ

ವೈಸ್‌ನ ನೇರಕ್ಕೆ 10 ಸೆಂಮೀಗೊಂದರಂತೆ 20 ಮಿಮೀ ತೂತು, ಹಲಗೆ ತಡೆಯುವ ಮರದ ಗೂಟಗಳಿಗೆ. ಎರಡನೇ ಗುರುತು ಸರಿಯಾಗಿ ವೈಸ್ ಬೋಲ್ಟಿನ ಮೇಲೆ ಬಂದಿತ್ತು. ಡ್ರಿಲ್ ಇಡುವ ಮೊದಲು ಅಡಿಗೆ ಬಗ್ಗಿ ನೋಡಿದ್ದರಿಂದ ಬಿಟ್ ಉಳಿಯಿತು. ಇಡೀ ಸಾಲನ್ನು 30 ಮಿಮೀ ಪಕ್ಕಕ್ಕೆ ಸರಿಸಿದೆ. ಅಡಿಯಲ್ಲಿ ಬೇಡದ ಹಲಗೆ ಕ್ಲ್ಯಾಂಪ್ ಮಾಡಿ ಕೊರೆದರೆ ಆಚೆ ಕಡೆ ಮರ ಸಿಗಿಯುವುದಿಲ್ಲ.

ಮೇಲ್ಮೈಗೆ ಅಗಸೆ ಎಣ್ಣೆ ಎರಡು ಸಲ. ಹಚ್ಚಿ, 20 ನಿಮಿಷ ಬಿಟ್ಟು, ಹೀರದೆ ಉಳಿದದ್ದನ್ನು ಒರೆಸಬೇಕು. ಪಾಲಿಶ್ ಹಾಕಲಿಲ್ಲ, ನುಣುಪಾದರೆ ಹಲಗೆ ನಿಲ್ಲುವುದಿಲ್ಲ.

ಎಣ್ಣೆ ಒರೆಸಿದ ಬಟ್ಟೆಯ ವಿಷಯ ಇದ್ದದ್ದರಲ್ಲೇ ಗಂಭೀರ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗದೆ, ಯಾರೂ ಕಡ್ಡಿ ಗೀರದೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಮರದ ಪುಡಿ ತುಂಬಿದ ಗ್ಯಾರೇಜಿನಲ್ಲಿ ಇದು ಬಹಳ ಅಪಾಯ. ನನ್ನ ಎರಡು ಬಟ್ಟೆಗಳನ್ನೂ ನೀರಿನ ಬಕೆಟ್‌ನಲ್ಲಿ ಮುಳುಗಿಸಿ, ಆಮೇಲೆ ಹೊರಗೆ ಒಂದೊಂದಾಗಿ ಬಿಡಿಸಿ ಹರಡಿದೆ. ಗಟ್ಟಿಯಾಗಿ ಒಣಗಿದ ಮೇಲೆ ಎಸೆಯುತ್ತೇನೆ.

ಬೆಂಚಿನ ತೂಕ ಸಾಮಾನು ಬಿಟ್ಟು ಸುಮಾರು 95 ಕೆಜಿ. ಬೋಲ್ಟುಗಳನ್ನು ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ಬಿಗಿಯಬೇಕು, ಪೆನ್ಸಿಲ್ ಪರೀಕ್ಷೆಯನ್ನೂ ಆಗಲೇ ಮಾಡುತ್ತೇನೆ. ರಟ್ಟನ್ನು ಪ್ಲೈವುಡ್ ಬೆನ್ನಿನ ಒಳಮುಖಕ್ಕೆ ಪಿನ್ ಹಾಕಿ ಸಿಕ್ಕಿಸಿದ್ದೇನೆ: 14, 5, 3, 9, ಆಮೇಲೆ ಚುಕ್ಕಿ. ಅದರ ಕೆಳಗೆ ಇನ್ನೊಂದು ಗೆರೆಗೆ ಜಾಗ ಇದೆ.